ಊರಿಗೆಲ್ಲ ಒಂದೇ ನಡಿಗೆ

ನಮ್ಮ ಭಾವ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಂಗಳವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿಸಿ ಏಳುವ ಹೊತ್ತಿಗೆ. ಫೋನಿನಲ್ಲಿ ಅಕ್ಕನ ಮಗಳು "ಮಾವ" ಅಂದಳು. ಹೇಳಬೇಕಾದದ್ದೆಲ್ಲ ಅಷ್ಟರಲ್ಲೇ ಬಂದುಬಿಟ್ಟಿತ್ತು. ಆಗತಾನೇ ಬಿಡಿಸಿದ್ದ ಕೈಗಳನ್ನು ಮತ್ತೆ ಮುಗಿದುಕೊಂಡೆ.

ಭಾವ ನಿದ್ದೆಯಲ್ಲೇ ಹೋಗಿದ್ದರು. ಯಾರನ್ನೂ ಎಬ್ಬಿಸದೆ, ಯಾವುದನ್ನೂ ಬೀಳಿಸದೆ, ಯಾವ ಗೊಂದಲವನ್ನೂ ಮಾಡದೆ. ಬದುಕಿದ್ದಷ್ಟು ಕಾಲ ಅವರು ಒಂದು ಕೆಲಸವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವರ ಕಟ್ಟಡದ ಬಾಗಿಲಲ್ಲಿ ಜನ ಸೇರಿದ್ದರು. ಅಲ್ಲೊಂದು ಕಪ್ಪು ಹಲಗೆ ಇದೆ. ನೀರು ಬರುವುದಿಲ್ಲ, ಲಿಫ್ಟು ಕೆಟ್ಟಿದೆ ಎಂಬ ಸಮಾಚಾರಗಳನ್ನು ವಾಚ್‌ಮನ್ ಅದರ ಮೇಲೆ ಬರೆಯುತ್ತಾನೆ. ಯಾರಾದರೂ ತೀರಿಕೊಂಡರೆ ಅದನ್ನೂ ಅಲ್ಲೇ ಬರೆಯುತ್ತಾನೆ. ಅಂದು ಹೆಸರು, ವಯಸ್ಸು ಬರೆದಾಗಿತ್ತು. ಉದ್ಯೋಗದ ಬಳಿ ಬಂದು ಸೀಮೆಸುಣ್ಣ ನಿಂತುಹೋಗಿತ್ತು.

"ಏನಂತ ಬರೀಲಿ ಸಾರ್?" ಎಂದು ಅವನು ಎಲ್ಲರ ಮುಖ ನೋಡಿದ.

"ನಿವೃತ್ತ ಮೀಟರ್ ರೀಡರ್ ಅಂತ ಬರಿ. ಇದ್ದದ್ದು ಅದೇ ತಾನೇ?" ಎಂದರು ಎರಡನೇ ಮಹಡಿಯ ಹಲ್ಲಿನ ಡಾಕ್ಟರು.

ಅಷ್ಟರಲ್ಲಿ ಒಂದು ವ್ಯಾನು ಬಂದು ನಿಂತಿತು. ಅದರಿಂದ ಒಂದಷ್ಟು ಹುಡುಗರು ಹುಡುಗಿಯರು ಇಳಿದರು. ಎಲ್ಲರ ಅಂಗಿಯೂ ಸುಕ್ಕು, ಎಲ್ಲರ ಕಣ್ಣೂ ಕೆಂಪು, ಎಲ್ಲರ ಕೊರಳಲ್ಲೂ ಆಫೀಸಿನ ಬಿಲ್ಲೆ. ಅಕ್ಕನ ಮಗಳು, ನಮ್ಮ ಹುಡುಗಿ, ಕೆಲಸ ಮಾಡುವ ವಿಡಿಯೋ ಗೇಮ್ ಕಂಪನಿಯವರು. ಅವರಲ್ಲಿ ಗಡ್ಡ ಬಿಟ್ಟವನೊಬ್ಬ ಮುಂದೆ ಬಂದ. ವಯಸ್ಸು ಮೂವತ್ತರ ಆಸುಪಾಸಾದರೂ ಕಂಪನಿಗೆ ಅವನೇ ಹಿರಿಯ. ಭಾವ ಅವನನ್ನು ಯಜಮಾನರು ಎಂದೇ ಕರೆಯುತ್ತಿದ್ದರು.

"ಬರೀ ಮೀಟರ್ ರೀಡರ್ ಅಂದ್ರೆ ಹೇಗೆ ಸರ್? ನಮ್ಮಲ್ಲಿ ಅವರು ರಾಜ, ಕಾವಲುಗಾರ, ಕಳ್ಳ, ಮೀನು ಮಾರೋಳು, ಸೂಲಗಿತ್ತಿ..."

"ಹಲಗೆ ಚಿಕ್ಕದು ಸಾರ್," ಎಂದ ವಾಚ್‌ಮನ್.

ಕೆಳಮನೆಗೆ ಹೊಸದಾಗಿ ಬಂದಿದ್ದ ಹೆಂಗಸು ಗಾಬರಿಯಾಗಿ ನನ್ನ ಕಡೆ ತಿರುಗಿದಳು. "ಸೂಲಗಿತ್ತೀನಾ? ಆ ಹಿರಿಯರು?"

ಬಾಗಿಲ ಬಳಿ ಕೂತಿದ್ದ ಅಕ್ಕ ಆ ಬೆಳಿಗ್ಗೆ ಮೊದಲನೆಯ ಸಲ ತಲೆ ಎತ್ತಿದಳು. ಅಳುವ ಬಾಯಿ ಒಂದು ಗಳಿಗೆ ನಗುವ ಬಾಯಾಯಿತು. "ನನ್ನ ತಮ್ಮನನ್ನ ಕೇಳಿ. ಎಲ್ಲಾ ಅವಾಂತರಕ್ಕೂ ಅವನೇ ಜೊತೆಗಿದ್ದವನು," ಎಂದಳು.

ಅಂದು ಆ ಬಾಗಿಲಲ್ಲಿ ನಿಂತು ನಾನು ಹೇಳಿದ್ದು ತುಂಡು ತುಂಡು. ಈಗ ಕೂತು ನೆಟ್ಟಗೆ ಹೇಳುತ್ತೇನೆ. ಅಳುವುದಕ್ಕೆ ಮುಂದೆ ಬೇಕಾದಷ್ಟು ಸಮಯವಿದೆ.

ಭಾವ ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಓದುತ್ತಿದ್ದವರು. ಮನೆಯಿಂದ ಮನೆಗೆ ಹೋಗಿ ಗೋಡೆಯ ಬುಡದಲ್ಲಿ ಅಡಗಿರುವ ಮೀಟರನ್ನು ಹುಡುಕಿ, ಬಗ್ಗಿ, ಮುಳ್ಳು ನೋಡಿ ಬರೆದುಕೊಳ್ಳುವ ಕೆಲಸ. ನಿವೃತ್ತಿಯಾದಾಗ ಕೆಲಸ ಅವರನ್ನು ಬಿಟ್ಟಿತು, ನಡಿಗೆ ಬಿಡಲಿಲ್ಲ. ಎರಡು ಕೈ ಬೆನ್ನ ಹಿಂದೆ, ಕತ್ತು ಎಡಕ್ಕೆ ವಾಲಿ ಕಣ್ಣು ಗೋಡೆಯ ಬುಡದಲ್ಲಿ, ಬಲಗಾಲಿನ ಚಪ್ಪಲಿ ನೆಲವನ್ನು ಉಜ್ಜುತ್ತ. ಹೀಗೆ ಸ್ವಲ್ಪ ದೂರ ಹೋದರು ಎನ್ನುವಾಗ ಗಕ್ಕನೆ ನಿಲ್ಲುವುದು. ಸೊಂಟದ ಹತ್ತಿರ ಜೇಬು ತಟ್ಟಿ ಬೀಗದ ಕೈ ಇದೆಯೇ ನೋಡುವುದು. ಅರ್ಧ ತಿರುಗಿ, ಬಂದ ದಾರಿಯನ್ನೊಮ್ಮೆ ನೋಡುವುದು. ಉಸಿರು ಬಿಡುವುದು. ಮತ್ತೆ ಮುಂದಕ್ಕೆ. ಮನೆಯಲ್ಲಿ ಅಕ್ಕ ಒಳಗಿನಿಂದ ಅಗಳಿ ಹಾಕಿಕೊಂಡಿದ್ದರೂ ಇದು ತಪ್ಪುತ್ತಿರಲಿಲ್ಲ. ಅವರ ಹಿಂದೆ ನಡೆಯುವವರು ಎರಡು ಸಲ ಡಿಕ್ಕಿ ಹೊಡೆದು ಮೂರನೆಯ ಸಲಕ್ಕೆ ದಾರಿ ಬದಲಿಸಿಕೊಳ್ಳುತ್ತಿದ್ದರು.

ಇಂಥವರ ಮಗಳು ವಿಡಿಯೋ ಗೇಮ್ ಮಾಡುವ ಕಂಪನಿ ಸೇರಿದಳು. ಅವಳು ಚಿಕ್ಕವಳಿದ್ದಾಗ "ಆಟ ಸಾಕು, ಓದ್ಕೋ" ಎಂದು ಕೂಗಿ ಕೂಗಿ ಭಾವ ಗಂಟಲು ಹರಿದುಕೊಂಡಿದ್ದರು. ಈಗ ಅವಳು ಮನೆಯಲ್ಲಿ ಒಂದು ಪುಸ್ತಕ ಹಿಡಿದರೂ ಸಾಕು, "ಆಟದ ಕಡೆ ಗಮನ ಇರಲಮ್ಮಾ, ಕೆಲಸ ಹೋದೀತು" ಎನ್ನುವ ಹಾಗಾಯಿತು.

"ಅಲ್ಲಿ ನೀನು ಮಾಡೋದೇನು?" ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದರು.

"ಗೇಮಿನೊಳಗೆ ಜನ ಇರ್ತಾರಲ್ಲ ಅಪ್ಪ, ಅವರನ್ನ ನಡೆಸ್ತೀನಿ."

"ಅವರಿಗೆ ನಡೆಯೋಕೆ ಬರಲ್ವಾ?"

"ಬರಲ್ಲ. ಒಂದೊಂದು ಕಾಲನ್ನೂ ನಾನೇ ಎತ್ತಿ ಇಡಿಸಬೇಕು."

"ಅಯ್ಯೋ ಪಾಪ," ಎಂದರು ಭಾವ. ಅಂದಿನಿಂದ ಅವರಿಗೆ ಆ ಜನರ ಮೇಲೆ ಬಹಳ ಕನಿಕರ. "ನಿನ್ನ ಜನ ಹೇಗಿದ್ದಾರಮ್ಮಾ? ಸ್ವಲ್ಪ ಸುಧಾರಿಸಿದ್ರಾ?" ಎಂದು ವಾರಕ್ಕೊಮ್ಮೆ ವಿಚಾರಿಸುತ್ತಿದ್ದರು.

ಜನ ಸುಧಾರಿಸುತ್ತಿದ್ದರು. ಕಂಪನಿ ಮಾತ್ರ ಸುಧಾರಿಸುತ್ತಿರಲಿಲ್ಲ. ಅವರಲ್ಲಿದ್ದದ್ದು ಒಂದೇ ಆಟ, ಅದೂ ಅರ್ಧ ಮುಗಿದದ್ದು. ದುಡ್ಡು ಹಾಕುವ ದೊಡ್ಡ ಸಂಸ್ಥೆಯವರು ಬಂದು ನೋಡುವವರಿದ್ದರು. ಅವರು ಮೆಚ್ಚಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಅಷ್ಟೂ ಜನ ಮನೆಗೆ. ನಮ್ಮ ಹುಡುಗಿಗೆ ಹೀಗೆ ಹಿಂದೆ ಎರಡು ಕಂಪನಿಗಳಲ್ಲಿ ಆಗಿತ್ತು. "ಇದೂ ಮುಚ್ಚಿದ್ರೆ ಈ ಕೆಲಸಕ್ಕೇ ಕೈಮುಗೀತೀನಿ ಮಾವ. ಹೊರಗೆ ನನಗಿಂತ ಅನುಭವ ಇದ್ದೋರೇ ಸಾಲಾಗಿ ಕೂತಿದ್ದಾರೆ," ಎಂದು ನನ್ನ ಹತ್ತಿರ ಹೇಳಿದ್ದಳು. ಭಾವ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದು ನಾವು ತಿಳಿದಿದ್ದೆವು.

ಮಾರನೆಯ ದಿನವೇ ಮೆಟ್ಟಿಲ ಮೇಲೆ ಹಲ್ಲಿನ ಡಾಕ್ಟರು ಎದುರಾದರು. ನಾನೂ ಜೊತೆಗಿದ್ದೆ.

"ಏನ್ರೀ, ನಿಮ್ಮ ಮಗಳ ಕಂಪನಿ ಇನ್ನೂ ಇದೆಯಾ?" ಎಂದರು, ಹಾಸಿಗೆ ಹಿಡಿದವರನ್ನು ವಿಚಾರಿಸುವ ಧಾಟಿಯಲ್ಲಿ. "ಪೇಪರಿನಲ್ಲಿ ಓದಿದೆ. ಆಟ ಒಂದು ಮುಗೀತಿದ್ದ ಹಾಗೆ ಮಾಡಿದವರನ್ನೆಲ್ಲ ಹೊರಗೆ ಹಾಕ್ತಾರಂತೆ. ನಮ್ಮ ಹಲ್ಲು ಹಾಗಲ್ಲ ನೋಡಿ. ಜನಕ್ಕೆ ಹಲ್ಲಿರೋ ತನಕ ನಮಗೆ ಕೆಲಸ. ಹಲ್ಲು ಹೋಯ್ತು ಅನ್ನಿ, ಇನ್ನೂ ಜಾಸ್ತಿ ಕೆಲಸ!"

ಭಾವ ನಿಂತರು. ಜೇಬು ತಟ್ಟಿದರು. ಆಮೇಲೆ ಯಾರೂ ಕೇಳದ ಮಾತೊಂದನ್ನು ಆಡಿಬಿಟ್ಟರು.

"ಮುಚ್ಚೋದೆಲ್ಲಿ ಬಂತು ಡಾಕ್ಟರೇ? ಜನ ಸಾಲ್ತಾ ಇಲ್ಲ ಅಂತ ನನ್ನನ್ನೇ ಕರೆದಿದ್ದಾರೆ. ಸೋಮವಾರದಿಂದ ಹೋಗ್ತೀನಿ."

"ನಿಮ್ಮನ್ನಾ? ಯಾತಕ್ಕೆ?"

ಯಾತಕ್ಕೆ ಎನ್ನುವುದನ್ನು ಯೋಚಿಸಲು ಭಾವನಿಗೆ ಸಮಯವಾಗಿರಲಿಲ್ಲ. ಹಾಗಾಗಿ ಗಂಭೀರವಾಗಿ ಕೆಮ್ಮಿ ಮೆಟ್ಟಿಲಿಳಿದರು.

ಸೋಮವಾರ ಬಂತು. ಡಾಕ್ಟರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟದ ಡಬ್ಬಿ ಹಿಡಿದು ಭಾವ ಹೊರಟೇಬಿಟ್ಟರು. "ಒಬ್ಬನೇ ಹೋದರೆ ಚೆನ್ನಾಗಿರಲ್ಲ ಹುಡುಗಾ, ನೀನೂ ಬಾ" ಎಂದು ನನ್ನನ್ನೂ ಎಳೆದುಕೊಂಡರು. ನನಗಾಗ ಅರವತ್ತೆಂಟು. ಅಕ್ಕನ ಮದುವೆಯ ದಿನ ನಾನು ಹುಡುಗನಾಗಿದ್ದೆ, ಆಮೇಲೆ ನಾನು ಬೆಳೆದದ್ದನ್ನು ಭಾವ ಗಮನಿಸಿರಲಿಲ್ಲ.

ಕಂಪನಿ ಇದ್ದದ್ದು ಒಂದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆವು. ಅದೇ ನಮ್ಮ ಆಫೀಸು. ಮಗಳು ನೋಡಿಬಿಟ್ಟಾಳು ಎಂಬ ಭಯವಿರಲಿಲ್ಲ, ಅವಳು ಬೆಳಗಾಗುತ್ತಲೇ ಒಳಗೆ ಹೋದರೆ ಕತ್ತಲಾದ ಮೇಲೆ ಹೊರಗೆ ಬರುತ್ತಿದ್ದಳು. ಅಂಗಡಿಯವನು ನಮ್ಮನ್ನು ಗಿರಾಕಿಗಳೆಂದೇ ತಿಳಿದ. ಮೊದಲ ದಿನ ನೀರು ಕೊಟ್ಟ. ಎರಡನೇ ದಿನ ಬಂದು "ಇನ್ನೂ ತೀರ್ಮಾನ ಆಗಲಿಲ್ವಾ ಸ್ವಾಮಿ?" ಎಂದ. ಮೂರನೇ ದಿನ "ಒಂದು ಸಲ ಮಲಗಿಯಾದ್ರೂ ನೋಡ್ರೀ" ಎಂದು ಅಂಗಲಾಚಿದ. ನಾನು ಮಲಗಿ ನೋಡಿದೆ. ಹಾಸಿಗೆ ಚೆನ್ನಾಗಿತ್ತು.

ನಾನು ಎದ್ದು ಬರುವಷ್ಟರಲ್ಲಿ ಹೊರಗೆ ಅನಾಹುತ ನಡೆದಿತ್ತು.

ಅಂದು ಆ ಗಡ್ಡದ ಯಜಮಾನ ಫೋನು ಹಿಡಿದು ಕೆಳಗೆ ಇಳಿದಿದ್ದ. ಆಟದೊಳಗಿನ ಜನರಿಗೆ ನಡಿಗೆ ಬೇಕಾದಾಗ ಒಬ್ಬ ನಟನನ್ನು ಕರೆಸಿ, ನಡೆಸಿ, ಅದನ್ನು ಕ್ಯಾಮರಾಗಳಿಂದ ಹಿಡಿದು ಗೊಂಬೆಗಳಿಗೆ ತೊಡಿಸುವುದು ಅವರ ಪದ್ಧತಿ. ಅಂದು ಬರಬೇಕಾದ ನಟ ಕಾಲು ಉಳುಕಿಸಿಕೊಂಡಿದ್ದ. ಬೇರೆ ಒಬ್ಬ ಅನುಭವಸ್ಥರನ್ನು ಕಳಿಸುತ್ತೇವೆ ಎಂದು ನಟರನ್ನು ಒದಗಿಸುವವರು ಫೋನಿನಲ್ಲಿ ಹೇಳುತ್ತಿದ್ದರು. ಅವನ ಕಣ್ಣೆದುರು ಭಾವ ಬೆಂಚಿನಿಂದ ದೀಪದ ಕಂಬದವರೆಗೆ ಅಡ್ಡಾಡುತ್ತಿದ್ದರು: ಕೈ ಹಿಂದೆ, ಕಣ್ಣು ಗೋಡೆಯ ಬುಡಕ್ಕೆ, ನಿಲುಗಡೆ, ಜೇಬು, ಹಿನ್ನೋಟ, ಉಸಿರು.

ಯಜಮಾನ ಫೋನು ಇಳಿಸಿ ಬೆರಗಾಗಿ ನೋಡಿದ. "ಸರ್, ನೀವು ಕಾಯ್ತಾ ಇರೋದು ನಮಗೇನಾ?"

"ಮೂರು ದಿನದಿಂದ," ಎಂದರು ಭಾವ. ಸುಳ್ಳಲ್ಲ.

"ಕ್ಷಮಿಸಿ ಸರ್, ನಮಗೆ ಗೊತ್ತೇ ಆಗಲಿಲ್ಲ. ಎಷ್ಟು ವರ್ಷದ ಅನುಭವ?"

"ಮೂವತ್ತೈದು ವರ್ಷ. ಮನೆಯಿಂದ ಮನೆಗೆ."

"ಓಹೋ! ಜನರ ಮನೆ ಬಾಗಿಲಿಗೇ ಹೋಗಿ ಮಾಡ್ತಿದ್ರಾ?"

"ಇನ್ನೆಲ್ಲಿ ಮಾಡೋದು? ಕೆಲವರು ಬಾಗಿಲೇ ತೆಗೀತಿರಲಿಲ್ಲ. ಕೆಲವರು ನಾಯಿ ಬಿಡ್ತಿದ್ರು."

"ಕಲೆಗೆ ಬೆಲೆ ಎಲ್ಲಿದೆ ಸರ್," ಎಂದು ನಿಟ್ಟುಸಿರು ಬಿಟ್ಟು ಅವನು ಭಾವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ದ. ಹಿಂದೆ ಓಡಿಬಂದ ನನ್ನನ್ನು ಅವರ ಸಹಾಯಕ ಎಂದು ಭಾವಿಸಿ ಒಂದು ಕುರ್ಚಿ ಕೊಟ್ಟರು.

ದೊಡ್ಡ ಖಾಲಿ ಹಾಲು. ಗೋಡೆಗಳ ಸುತ್ತ ಕ್ಯಾಮರಾ. ಇಬ್ಬರು ಹುಡುಗರು ಬಂದು ಭಾವನ ತೋಳು, ತೊಡೆ, ತಲೆ ಅಳೆದರು. ಆಮೇಲೆ ಒಂದು ತೆರೆಯ ಹಿಂದೆ ಕಳಿಸಿ ಕಪ್ಪು ಉಡುಪು ತೊಡಿಸಿದರು. ಅದು ಬಾಳೆಹಣ್ಣಿನ ಸಿಪ್ಪೆ ಹಣ್ಣಿಗೆ ಅಂಟಿದ ಹಾಗೆ ಮೈಗೆ ಅಂಟುವ ಉಡುಪು, ಅದರ ತುಂಬ ಪುಟ್ಟ ಪುಟ್ಟ ಬಿಳಿ ಗುಂಡುಗಳು. ನೀರಿನ ಇಲಾಖೆಗೆ ಮೂವತ್ತೈದು ವರ್ಷ ದುಡಿದ ಹೊಟ್ಟೆ ಅದರೊಳಗೆ ತನ್ನ ಹಕ್ಕನ್ನು ಬಿಟ್ಟುಕೊಡದೆ ಕೂತಿತ್ತು.

ಭಾವ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಹುಡುಗಾ, ನನಗೆ ಕೆಲಸ ಆದ ಹಾಗೇ. ಇದು ಮೆಡಿಕಲ್ಲು."

ನಗಬೇಡಿ. ಸರ್ಕಾರಿ ಕೆಲಸಕ್ಕೆ ಸೇರುವಾಗ ಅವರನ್ನು ಹೀಗೆಯೇ ಅಳೆದಿದ್ದರು, ತೂಗಿದ್ದರು, ಓಡಿಸಿದ್ದರು. ಮೈ ಅಳೆದರೆ ಅದು ವೈದ್ಯಕೀಯ ಪರೀಕ್ಷೆ, ವೈದ್ಯಕೀಯ ಪರೀಕ್ಷೆಗೆ ಕರೆದರೆ ಕೆಲಸ ಖಾಯಂ. ಇಷ್ಟು ಅವರಿಗೆ ಗೊತ್ತಿತ್ತು, ಇಷ್ಟೇ ಗೊತ್ತಿತ್ತು.

"ನಡೀರಿ ಸರ್. ಸಹಜವಾಗಿ." ಭಾವ ಸಹಜವಾಗಿ ನಡೆದರು.

"ಈಗ ಈ ಪೆಟ್ಟಿಗೆ ಎತ್ತಿಕೊಂಡು ನಡೀರಿ." ನಡೆದರು. ಪೆಟ್ಟಿಗೆಯನ್ನು ಒಂದು ಕೈಗೆ ಸಾಗಿಸಿ ಇನ್ನೊಂದು ಕೈಯಿಂದ ಇಲ್ಲದ ಜೇಬು ತಟ್ಟಿದರು.

"ಈಗ ಯಾರೋ ಅಟ್ಟಿಸಿಕೊಂಡು ಬರ್ತಾ ಇದ್ದಾರೆ. ಓಡಿ!"

ಓಡಿದರು. ನಡುವೆ ಗಕ್ಕನೆ ನಿಂತು ತಿರುಗಿ ನೋಡಿದರು.

"ಯಾಕೆ ನಿಂತ್ರಿ ಸರ್?"

"ಬರ್ತಾ ಇದ್ದಾರೋ ಇಲ್ಲವೋ ನೋಡಬೇಡ್ವೇ? ಸುಮ್ಮನೆ ಯಾಕೆ ಓಡಲಿ?"

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ "ಎಂಥ ವಾಸ್ತವಿಕತೆ!" ಎಂದ.

"ಕೊನೇದು ಸರ್. ನಿಮಗೆ ಬಾಣ ತಗುಲಿದೆ. ಸಾಯಿರಿ."

ಭಾವ ನನ್ನ ಕಡೆ ನೋಡಿದರು. ಯಜಮಾನನ ಕಡೆ ನೋಡಿದರು. "ಕೆಲಸಕ್ಕೆ ಸೇರೋಕೆ ಮುಂಚೇನೇನಾ?"

"ಹೌದು ಸರ್, ಇದು ಮೊದಲೇ ಬೇಕು. ನಮ್ಮಲ್ಲಿ ಎಲ್ಲರೂ ಆಗಾಗ ಸಾಯ್ತಾ ಇರ್ತಾರೆ."

ಭಾವ ಒಪ್ಪಿದರು. ಮೊದಲು ನೆಲವನ್ನು ಕೈಯಿಂದ ಒರೆಸಿ ಧೂಳು ನೋಡಿದರು. ಕೂತರು, ಮಂಡಿ ಹಿಡಿದು ಮೆಲ್ಲನೆ ಒರಗಿದರು, ಕಣ್ಣು ಮುಚ್ಚಿದರು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಎದ್ದು ಹೋಗಿ ಬಾಗಿಲ ಬಳಿ ಬಿಟ್ಟಿದ್ದ ತಮ್ಮ ಚಪ್ಪಲಿಗಳನ್ನು ನೇರ ಮಾಡಿ ಬಂದು ಮಲಗಿದರು.

"ಸತ್ತವರು ಏಳಬಾರದು ಸರ್!"

"ಚಪ್ಪಲಿ ಅಡ್ಡ ಇತ್ತಪ್ಪಾ. ಯಾರಾದರೂ ಎಡವಿ ಬಿದ್ರೆ?"

ಎಷ್ಟು ಸಲ ಮಾಡಿಸಿದರೂ ಭಾವನಿಗೆ ಸಾವು ಒಗ್ಗಲಿಲ್ಲ. ಒಂದಲ್ಲ ಒಂದು ನೆಪಕ್ಕೆ ಎದ್ದುಬಿಡುತ್ತಿದ್ದರು. ಅಂದು ನಾನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ಕೂತಿದ್ದೆ. ಈ ಮಂಗಳವಾರ ಅವರ ಮಂಚದ ಪಕ್ಕ ನಿಂತಾಗ ಅದು ನೆನಪಾಯಿತು. ಯಾರೂ ನೋಡದಿದ್ದಾಗ, ಕೆಳಗಿದ್ದ ಅವರ ಚಪ್ಪಲಿಯೊಂದನ್ನು ಕಾಲಿನಿಂದ ಸ್ವಲ್ಪ ಅಡ್ಡ ಮಾಡಿ ಕಾದೆ. ಅವರು ಏಳಲಿಲ್ಲ. ನಾನೇ ಬಗ್ಗಿ ನೇರ ಮಾಡಿದೆ.

ಇರಲಿ. ಹಾಲಿನಲ್ಲಿ ಭಾವ ಐದನೆಯ ಸಲವೋ ಆರನೆಯ ಸಲವೋ ಸಾಯುತ್ತಿರುವಾಗ ಬಾಗಿಲು ದಡಾರನೆ ತೆರೆದು ನಮ್ಮ ಹುಡುಗಿ ಓಡಿಬಂದಳು. ಈ ಕ್ಯಾಮರಾಗಳು ಕಂಡದ್ದು ಆಚೆಯ ಕೋಣೆಯಲ್ಲಿದ್ದ ಅವಳ ಪರದೆಯ ಮೇಲೆ ಮೂಡುತ್ತಿತ್ತು. ಮುಖವಿಲ್ಲ, ಬಟ್ಟೆಯಿಲ್ಲ, ಕತ್ತಲಲ್ಲಿ ಒಂದಿಷ್ಟು ಬಿಳಿ ಚುಕ್ಕೆ. ಆ ಚುಕ್ಕೆಗಳು ನಿಂತು, ಸೊಂಟ ತಟ್ಟಿಕೊಂಡು, ತಿರುಗಿ ನೋಡಿದ ಕೂಡಲೇ ಅವಳಿಗೆ ಗುರುತು ಹತ್ತಿತಂತೆ.

"ಅಪ್ಪಾ!"

"ಇವರು ನಿಮ್ಮ ತಂದೇನಾ?" ಎಂದು ಯಜಮಾನ ಕೂಗಿದ.

ಭಾವ ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದು, "ಸುಮ್ಮನಿರಮ್ಮಾ, ಪಾಸಾಗ್ತಾ ಇದ್ದೀನಿ," ಎಂದರು.

ಮಗಳಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಆದರೆ ಆ ಯಜಮಾನ ಒಳ್ಳೆಯವನು. "ಸದ್ಯಕ್ಕೆ ಇದನ್ನೇ ಊರ ಬಾಗಿಲಿನ ಕಾವಲುಗಾರನಿಗೆ ಹಾಕೋಣ. ಬೇರೆ ಸಿಕ್ಕಿದಾಗ ಬದಲಾಯಿಸೋಣ" ಎಂದ. ಭಾವನಿಗೆ ಕಾಫಿ ಕೊಡಿಸಿದ. "ಮತ್ತೆ ಬನ್ನಿ" ಎಂದ. ಬಂದು ಹೋಗುವವರಿಗೆ ಕೊಡುವ ಬಿಲ್ಲೆಯೊಂದು ಭಾವನ ಕೊರಳಲ್ಲೇ ಉಳಿದುಬಿಟ್ಟಿತು, ವಾಪಸ್ಸು ಕೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಆ ಬಿಲ್ಲೆ ಭಾವನ ಕಟ್ಟಡದಲ್ಲಿ ಮಾಡಿದ ಕೋಲಾಹಲ ಅಷ್ಟಿಷ್ಟಲ್ಲ. ಸಂಜೆಯೇ ಹಲ್ಲಿನ ಡಾಕ್ಟರು ಬಾಗಿಲು ತಟ್ಟಿದರು. ಧ್ವನಿ ಇಳಿದಿತ್ತು.

"ನನ್ನ ಮಗ ಇದ್ದಾನಲ್ಲ, ಕಾಲೇಜು ಮುಗಿಸಿ ವರ್ಷ ಆಯ್ತು. ಹಗಲೂ ರಾತ್ರಿ ಅದೇ ಆಟ ಆಡ್ತಾ ಕೂತಿರ್ತಾನೆ. ಇಷ್ಟು ದಿನ ಬೈತಿದ್ದೆ. ಈಗ ಕೇಳ್ತೀನಿ, ಅದು ಅನುಭವ ಅಂತ ಲೆಕ್ಕಕ್ಕೆ ಬರುತ್ತಾ?"

"ಬರಬಹುದು ಡಾಕ್ಟರೇ," ಎಂದರು ಭಾವ. "ಆದರೆ ಮೆಡಿಕಲ್ ಬಹಳ ಬಿಗಿ. ಓಡಬೇಕು, ಭಾರ ಎತ್ತಬೇಕು. ಕೊನೆಗೆ ಸಾಯೋದು ಗೊತ್ತಿರಬೇಕು. ನಾನೇ ಅದರಲ್ಲಿ ಸ್ವಲ್ಪ ಹಿಂದೆ ಬಿದ್ದೆ."

ಡಾಕ್ಟರು ಬೆವರು ಒರೆಸಿಕೊಂಡು ಹೋದರು. ಅವರು ವಿಚಾರವಂತರು, ಆದರೆ ಮಗನ ಕೆಲಸದ ವಿಷಯದಲ್ಲಿ ಯಾವ ತಂದೆ ವಿಚಾರ ಮಾಡುತ್ತಾನೆ? ಮಾರನೆಯ ದಿನದಿಂದ ಮೇಲಿನ ಮಹಡಿಯಲ್ಲಿ ಧಡ್, ಧಡ್ ಎಂದು ಸದ್ದು. "ಇನ್ನೂ ಚೆನ್ನಾಗಿ ಬೀಳೋ! ಕಣ್ಣು ಮುಚ್ಚು!" ಎಂದು ಡಾಕ್ಟರ ಗದರಿಕೆ. ಕೆಳಮನೆಯವರು ದೂರು ಕೊಟ್ಟರು. ವಾಚ್‌ಮನ್ ಹೋಗಿ ವಿಚಾರಿಸಿ ಬಂದು, "ಏನೂ ಇಲ್ಲ ಸಾರ್, ಡಾಕ್ಟರ ಮಗ ಕೆಲಸಕ್ಕೆ ಓದ್ಕೋತಾ ಇದ್ದಾನೆ," ಎಂದ.

ದುಡ್ಡು ಹಾಕುವವರು ಬಂದು ನೋಡುವ ದಿನ ಗೊತ್ತಾಯಿತು. ಮಗಳು ಮನೆಯಲ್ಲಿ ಅದನ್ನು ಮಾತಿಗೆ ಹೇಳಿದ್ದೇ ತಪ್ಪಾಯಿತು. ದೊಡ್ಡವರು ಬರುತ್ತಾರೆ ಎಂದರೆ ಅದು ತಮ್ಮನ್ನು ಕೆಲಸಕ್ಕೆ ತೆಗೆದುಕೊಂಡ ಸಮಾರಂಭ ಎಂದು ಭಾವ ನಿಶ್ಚಯಿಸಿದರು. ಅಕ್ಕ, ನಾನು, ಡಾಕ್ಟರು, ಮೈಯೆಲ್ಲ ನೀಲಿಗಟ್ಟಿದ ಅವರ ಮಗ, ವಾಚ್‌ಮನ್, ದಾರಿಯಲ್ಲಿ ಸಿಕ್ಕಿದ ಹಾಸಿಗೆ ಅಂಗಡಿಯವನು, ಇಷ್ಟು ಜನರನ್ನು ಹಿಂದೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದರು. ಯಜಮಾನ ನಮ್ಮನ್ನು ತಡೆಯಲು ಓಡಿಬಂದ. ಆದರೆ ಆ ಸಂಸ್ಥೆಯಿಂದ ಬಂದಿದ್ದ, ಕನ್ನಡಕದ, ಬಿಗಿಮುಖದ ಹೆಂಗಸು ನಮ್ಮನ್ನು ಕಂಡು, "ಓ, ಸಾಮಾನ್ಯ ಜನರನ್ನೂ ಕರೆಸಿದ್ದೀರಾ? ಒಳ್ಳೇದು" ಎಂದುಬಿಟ್ಟರು. ಸಾಮಾನ್ಯ ಜನ ಗತ್ತಿನಿಂದ ಮುಂದಿನ ಸಾಲಿನಲ್ಲಿ ಕೂತರು.

ದೀಪ ಆರಿತು. ದೊಡ್ಡ ಪರದೆಯ ಮೇಲೆ ಒಂದು ಹಳೆಯ ಊರು ಮೂಡಿತು. ಎಂಥ ಊರು! ಕಲ್ಲಿನ ಬೀದಿ, ಹೆಂಚಿನ ಮನೆ, ಸಂತೆ, ಮೇಲೆ ಮೋಡ. ಊರ ಬಾಗಿಲು ತೆರೆಯಿತು. ಕಾವಲುಗಾರ ಕೈ ಹಿಂದೆ ಕಟ್ಟಿ ನಡೆದು ಬಂದ, ನಿಂತ, ಸೊಂಟ ತಟ್ಟಿದ, ಹಿಂತಿರುಗಿ ನೋಡಿದ.

"ನಾನು!" ಎಂದರು ಭಾವ.

ಅವನ ಹಿಂದೆ ಮೀನಿನ ಬುಟ್ಟಿ ಹೊತ್ತವಳು ಬಂದಳು. ಕೈ ಹಿಂದೆ, ಕತ್ತು ಎಡಕ್ಕೆ, ಬುಟ್ಟಿ ತಲೆಯ ಮೇಲೆ ತಾನೇ ತಾನಾಗಿ ನಿಂತಿತ್ತು. ಅವಳೂ ನಿಂತು ಸೊಂಟ ತಟ್ಟಿದಳು. ಅವಳ ಹಿಂದೆ ಸೂಲಗಿತ್ತಿ. ಅವಳ ಹಿಂದೆ ಮೂವರು ಸಿಪಾಯಿಗಳು, ಒಟ್ಟಿಗೆ ನಿಂತು, ಒಟ್ಟಿಗೆ ತಟ್ಟಿ, ಒಟ್ಟಿಗೆ ಗೋಡೆಯ ಬುಡ ನೋಡಿದರು. ಅರಮನೆಯ ಮಹಡಿಯಲ್ಲಿ ಕಿರೀಟ ಹೊತ್ತ ರಾಜ ಬಂದು, ಇಡೀ ರಾಜ್ಯಕ್ಕೆ ಬೀಗ ಹಾಕಿದ್ದೇನೋ ಇಲ್ಲವೋ ಎಂಬಂತೆ ಹಿಂತಿರುಗಿ ನೋಡಿದ.

ಹಿಂದಿನಿಂದ ಯಾರೋ "ಅಯ್ಯೋ ದೇವರೇ" ಎಂದದ್ದು ಕೇಳಿತು. ನಮ್ಮ ಹುಡುಗಿಯ ಧ್ವನಿ. ಹಿಂದಿನ ದಿನ ಕಣ್ಣೆಳೆಯುತ್ತಿದ್ದ ಹೊತ್ತಿನಲ್ಲಿ, ಅಪ್ಪನ ನಡಿಗೆಯನ್ನು ಒಬ್ಬ ಕಾವಲುಗಾರನಿಗೆ ಹಾಕುವ ಬದಲು ಊರಿನ ಎಲ್ಲರಿಗೂ ಹಾಕುವ ಗುಂಡಿಯನ್ನು ಅವಳು ಒತ್ತಿದ್ದಳು. ಯಾರೂ ಮತ್ತೊಮ್ಮೆ ನೋಡಿರಲಿಲ್ಲ. ಅವಳ ಕೆಲಸ, ಆ ಅಷ್ಟೂ ಹುಡುಗರ ಕೆಲಸ, ಭಾವನ ನಡಿಗೆಯ ಜೊತೆ ಬೀದಿಗೆ ಹೊರಟಿತ್ತು. ನಾನು ಕಣ್ಣು ಮುಚ್ಚಿ ದೇವರನ್ನು ನೆನೆದೆ.

ಕಣ್ಣು ಬಿಟ್ಟಾಗ ಪರದೆಯ ಮೇಲೆ ಕಳ್ಳನೊಬ್ಬ ಓಡುತ್ತಿದ್ದ, ಕಾವಲುಗಾರ ಅಟ್ಟಿಸಿಕೊಂಡು ಹೋಗುತ್ತಿದ್ದ. ನಡುಬೀದಿಯಲ್ಲಿ ಇಬ್ಬರೂ ಗಕ್ಕನೆ ನಿಂತರು. ಇಬ್ಬರೂ ಜೇಬು ತಟ್ಟಿದರು. ಇಬ್ಬರೂ ಹಿಂತಿರುಗಿ ನೋಡಿ, ಉಸಿರು ಬಿಟ್ಟು, ಮತ್ತೆ ಓಡಿದರು.

ಅಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯಯ್ಯೋ! ಎಲ್ಲಾ ಇವರೇ! ಮನೇಲಿ ಒಬ್ಬರನ್ನ ಸುಧಾರಿಸೋದೇ ನನಗೆ ಸಾಕಾಗಿದೆ. ಈ ಊರಿನ ಹೆಂಗಸರ ಗತಿ ಏನ್ರೀ!"

ಬಿಗಿಮುಖದ ಹೆಂಗಸಿನ ಭುಜ ಅಲುಗಿತು. ಕನ್ನಡಕ ತೆಗೆದರು. ಕಣ್ಣು ಒರೆಸಿಕೊಂಡರು. ಆಮೇಲೆ ಆ ಕೋಣೆಯಲ್ಲಿ ಎದ್ದ ನಗು ಕೆಳಗಿನ ಹಾಸಿಗೆಗಳಿಗೂ ಕೇಳಿಸಿರಬೇಕು. ನಗು ಇಳಿದ ಮೇಲೆ ಅವರು ಕೇಳಿದರು: "ಎಲ್ಲರೂ ಯಾಕೆ ಹಿಂತಿರುಗಿ ನೋಡ್ತಾರೆ?"

ಉತ್ತರ ಕೊಡಲು ಭಾವ ಎದ್ದು ನಿಂತರು, ಹಾಜರಿ ಕೂಗಿದಾಗ ನಿಲ್ಲುವ ಹಾಗೆ.

"ಬಾಗಿಲು ಹಾಕಿದೆಯಾ ಅಂತ ಮೇಡಂ. ನನ್ನ ಮಗಳು ಒಂದು ವರ್ಷದವಳಿದ್ದಾಗ ನಾನು ಬಾಗಿಲು ಹಾಕೋದು ಮರೆತು ಡ್ಯೂಟಿಗೆ ಹೊರಟೆ. ಅವಳು ನಡೆಯೋಕೆ ಶುರು ಮಾಡಿದ್ದೇ ಆ ದಿನ. ನನ್ನ ಹಿಂದೇನೇ ಬಂದಿದ್ದಾಳೆ. ಬೀದಿ ಕೊನೆಯಲ್ಲಿ ಯಾತಕ್ಕೋ ತಿರುಗಿ ನೋಡ್ತೀನಿ, ಹಿಂದೆ ನಿಂತಿದ್ದಾಳೆ, ದೊಡ್ಡ ರಸ್ತೆ ಪಕ್ಕ. ಅವತ್ತು ತಿರುಗಿ ನೋಡದಿದ್ದರೆ..." ಭಾವ ಜೇಬು ತಟ್ಟಿಕೊಂಡರು. "ಅಲ್ಲಿಂದ ಅಭ್ಯಾಸ ಆಗಿಬಿಟ್ಟಿದೆ. ಇವರಿಗೂ ಅಂಟಿಸಿಬಿಟ್ಟೆ, ಪಾಪ. ತಪ್ಪು ನಂದು, ಹುಡುಗರನ್ನ ಏನೂ ಅನ್ನಬೇಡಿ."

ಹಿಂದೆ ನಿಂತಿದ್ದ ಮಗಳು ಮುಖ ಮುಚ್ಚಿಕೊಂಡಿದ್ದಳು. ಈ ಕಥೆ ಅವಳಿಗೂ ಗೊತ್ತಿರಲಿಲ್ಲ. ತನ್ನ ಮೊದಲ ನಡಿಗೆ ಎಲ್ಲಿ ಆಯಿತು ಎಂದು ನಡಿಗೆ ಮಾಡುವ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಆ ಹೆಂಗಸು ಅಂದು ತೀರ್ಮಾನ ತಿಳಿಸದೆ ಹೋದರು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಹುಡುಗರು ಹಗಲೆಲ್ಲ ಕೆಲಸ ಮಾಡುತ್ತ, ಬಿಡುವಿನಲ್ಲಿ ಬೇರೆ ಕಡೆ ಕೆಲಸ ಹುಡುಕುತ್ತ ಕಾದರು. ಆಮೇಲೆ ಫೋನು ಬಂತು. ಕೆಲಸ ಮುಂದುವರಿಸಿ. ಒಂದೇ ಷರತ್ತು: ಆ ಊರಿನವರ ನಡಿಗೆ ಬದಲಾಯಿಸಕೂಡದು. ಇಡೀ ಊರು ಏನನ್ನೋ ಮರೆತುಬಂದವರ ಹಾಗೆ ಯಾಕೆ ಹಿಂತಿರುಗಿ ನೋಡುತ್ತದೆ ಎನ್ನುವುದೇ ಆಟದ ಕಥೆಯಾಗಲಿ.

ಹಾಗೇ ಆಯಿತು. ಆಟ ಹೊರಗೆ ಬಂತು. ಯಾರೂ ಕೋಟ್ಯಧೀಶರಾಗಲಿಲ್ಲ. ಇಬ್ಬರು ಹುಡುಗರು ಬೇರೆ ಕೆಲಸ ನೋಡಿಕೊಂಡು ಹೋದರು. ಆದರೆ ಕಂಪನಿ ಮುಚ್ಚಲಿಲ್ಲ. ಎರಡನೆಯ ಆಟ ಶುರುವಾಯಿತು, ನಮ್ಮ ಹುಡುಗಿ ನಡಿಗೆಯ ವಿಭಾಗಕ್ಕೆ ಮುಖ್ಯಸ್ಥೆಯಾದಳು. ಡಾಕ್ಟರ ಮಗ ಆಟದಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದ. ಅವನನ್ನು ಯಾರೂ ಬೀಳಿಸಿ ನೋಡಲಿಲ್ಲ ಎಂದು ಡಾಕ್ಟರಿಗೆ ಸ್ವಲ್ಪ ನಿರಾಸೆ.

ಅದು ಮೆಡಿಕಲ್ ಅಲ್ಲ ಎಂದು ಯಜಮಾನ ಒಂದು ದಿನ ಭಾವನಿಗೆ ಬಿಡಿಸಿ ಹೇಳಿದ. ಭಾವ ಎಲ್ಲವನ್ನೂ ಶಾಂತವಾಗಿ ಕೇಳಿ, "ಹಾಗಾದ್ರೆ ನನ್ನ ಮೆಡಿಕಲ್ ಯಾವಾಗ?" ಎಂದರು. ಆ ಹುಡುಗ ನಗಲಿಲ್ಲ. "ಆಯ್ತಲ್ಲ ಸರ್, ಪಾಸಾಗಿದ್ದೀರಿ," ಎಂದ. ಮಾರನೆಯ ದಿನ ಭಾವನ ಹೆಸರು, ಫೋಟೋ ಇರುವ ಸರಿಯಾದ ಬಿಲ್ಲೆ ಕೊಟ್ಟ. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿದ. ಅಂದಿನಿಂದ ಪ್ರತಿ ಸೋಮವಾರ ಭಾವ ಡಬ್ಬಿ ಹಿಡಿದು ಹೋಗಿ ಆ ಕುರ್ಚಿಯಲ್ಲಿ ಕೂತು, "ಏನಪ್ಪಾ, ನಿಮ್ಮ ಜನ ಹೇಗಿದ್ದಾರೆ?" ಎಂದು ವಿಚಾರಿಸಿ ಬರುತ್ತಿದ್ದರು. ಕೆಲಸವಿಲ್ಲದ ಮುದುಕನಿಗೆ ಹೋಗಿ ಕೂರಲು ಒಂದು ಕುರ್ಚಿ ಎಂದರೆ ಏನು ಎಂಬುದು ನನ್ನ ವಯಸ್ಸಿನವರಿಗೆ ಗೊತ್ತು. ಆ ಹುಡುಗರ ಉಪಕಾರವನ್ನು ನಾನು ಪ್ರತಿದಿನದ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ. ಅವರ ಕೆಲಸಗಳು ಉಳಿಯಲಿ ಎಂದು ಹೆಸರು ಹಿಡಿದು ಬೇಡುತ್ತೇನೆ.

ಇಷ್ಟನ್ನು ತುಂಡು ತುಂಡಾಗಿ ನಾನು ಮಂಗಳವಾರ ಆ ಬಾಗಿಲಲ್ಲಿ ಹೇಳಿ ಮುಗಿಸಿದಾಗ ವಾಚ್‌ಮನ್‌ನ ಸೀಮೆಸುಣ್ಣ ಇನ್ನೂ ಹಲಗೆಯ ಮೇಲೆಯೇ ಇತ್ತು.

"ಈಗ ಏನಂತ ಬರೀಲಿ ಸಾರ್?"

ಯಜಮಾನ ಸ್ವಲ್ಪ ಯೋಚಿಸಿದ. "ಅವರು ನಮ್ಮಲ್ಲಿ ರಾಜೀನಾಮೆ ಕೊಟ್ಟಿರಲಿಲ್ಲ," ಎಂದ. "ನಾವೂ ಬಿಡಿಸಿರಲಿಲ್ಲ."

ಹಲ್ಲಿನ ಡಾಕ್ಟರು ಮುಂದೆ ಬಂದು ವಾಚ್‌ಮನ್‌ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಕನ್ನಡಕ ಸರಿಮಾಡಿಕೊಂಡು ದೊಡ್ಡ ಅಕ್ಷರದಲ್ಲಿ ತಾವೇ ಬರೆದರು: 'ಸೇವೆಯಲ್ಲಿದ್ದಾಗಲೇ ನಿಧನರಾದರು.'

ಅಕ್ಕ ಅದನ್ನು ಎರಡು ಸಲ ಓದಿದಳು. "ಇದನ್ನ ಇವರು ನೋಡಬೇಕಿತ್ತು," ಎಂದಳು.

ಎಲ್ಲ ಮುಗಿದು ಜನ ಹೋದ ಮೇಲೆ, ಸಂಜೆಯ ಬೆಳಕಿನಲ್ಲಿ ಹುಡುಗಿ ತನ್ನ ಕಂಪ್ಯೂಟರಿನಲ್ಲಿ ಆ ಊರನ್ನು ತೆರೆದಳು. ಆಡಲಿಲ್ಲ, ಸುಮ್ಮನೆ ಬಿಟ್ಟಳು. ಸಂತೆ ಮುಗಿಯುತ್ತಿತ್ತು. ಮೀನಿನವಳು, ಸಿಪಾಯಿ, ಕಳ್ಳ, ರಾಜ, ಎಲ್ಲರೂ ಕೈ ಹಿಂದೆ ಕಟ್ಟಿ ಮನೆಗೆ ಹೋಗುತ್ತಿದ್ದರು. ಬೀದಿಯ ತುಂಬ ನಮ್ಮ ಭಾವ. ಒಬ್ಬೊಬ್ಬರಾಗಿ ನಿಂತು, ಜೇಬು ತಟ್ಟಿ, ತಿರುಗಿ, ನಾವು ಕೂತಿದ್ದ ಕಡೆಗೇ ನೋಡಿದರು. ಅಕ್ಕ, ಹುಡುಗಿ, ನಾನು ಮೂವರೂ ಅತ್ತೆವು. ಸುಳ್ಳೇಕೆ, ನಕ್ಕೆವು ಕೂಡ.

ದೇವರೇ, ನೀನು ಕೊಟ್ಟ ಈ ಗೊಂದಲದ ಮನುಷ್ಯನಿಗಾಗಿ ನಿನಗೆ ಕೈಮುಗಿಯುತ್ತೇನೆ. ಅವನ ಕತ್ತು ಸ್ವಲ್ಪ ವಾಲಿದೆ, ಚಪ್ಪಲಿ ಸದ್ದು ಮಾಡುತ್ತದೆ, ನಿನ್ನ ಗೋಡೆಗಳ ಬುಡವನ್ನು ಇಣುಕಿ ನೋಡುತ್ತಾನೆ, ಬೇಸರಪಡಬೇಡ. ಕೂರಲು ಒಂದು ಕುರ್ಚಿ ಕೊಡು. ದಾರಿಯಲ್ಲಿ ಅವನು ನಿಂತು ಹಿಂತಿರುಗಿದರೆ ನನ್ನ ಪರವಾಗಿ ಇಷ್ಟು ಹೇಳು: ಬಾಗಿಲು ಹಾಕಿದೆ ಭಾವ, ನಾನೇ ಹಾಕಿದ್ದೇನೆ. ಮಗಳು ಒಳಗಿದ್ದಾಳೆ, ಕ್ಷೇಮವಾಗಿದ್ದಾಳೆ. ಇನ್ನು ತಿರುಗಿ ನೋಡದೆ ಮುಂದಕ್ಕೆ ನಡೆಯಿರಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.